ಕುಸೈಸ್‌ನಲ್ಲಿ ಕಟ್ಟಿದ ಜೋಕಾಲಿ

ಇದು ಆಗುವ ಕೆಲಸವಲ್ಲ ಎಂದವನು ನನ್ನ ಅಣ್ಣ ಮಾರುತಿ. ಬೇರೆ ಯಾರಾದರೂ ಹೇಳಿದ್ದರೆ ನಾನು ಕಿವಿಗೂ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ತಾನು ಶಾಲೆ ಬಿಟ್ಟು, ಗೌಂಡಿ ಕೆಲಸಕ್ಕೆ ಹೋಗಿ, ನನ್ನನ್ನು ಪಿಯುಸಿ ತನಕ ಓದಿಸಿದವನು ಅವನು. ನನಗಿಂತ ಮೊದಲೇ ಗಲ್ಫಿಗೆ ಬಂದವನು. ಈಗ ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಮೇಂಟೆನೆನ್ಸ್ ಕಂಪನಿಯ ಫೋರ್‌ಮನ್. ಅವನ ಮಾತನ್ನು ನಾನು ಹಾಗೆಲ್ಲ ತೆಗೆದುಹಾಕಲಾರೆ.

"ರೇಣೀ, ಡಿಗ್ರಿ ಮಾಡ್ಕೊ, ನಾ ಬ್ಯಾಡ ಅನ್ನಂಗಿಲ್ಲ," ಅಂದಿದ್ದ ಫೋನಿನಲ್ಲಿ. "ಆದ್ರ ಈ ನಾಟಕ ಆಗೂದಿಲ್ಲ. ಬರದ ಇಟ್ಕೋ."

"ನಾಟಕ ಇಲ್ಲಂದ್ರ ಡಿಗ್ರೀನೂ ಇಲ್ಲಣ್ಣಾ. ಕಡೀ ವರ್ಷದ ಪರೀಕ್ಷೆನ ಅದು."

"ಹಂಗಾರ ಡಿಗ್ರೀನೂ ಬಿಡು."

ಇದೆಲ್ಲ ನೆನಪಾಗಿದ್ದು ಶೇಂಗಾದಿಂದ. ಕಳೆದ ವಾರ ದುಬೈಯ ಅಲ್ ಕುಸೈಸ್‌ನಲ್ಲಿ, ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಹೋಗಲು ಲಿಫ್ಟ್ ಹತ್ತಿದೆ. ಯಾರೋ ಮೇಲಿನ ಮಹಡಿಗೆ ಕರೆದಿದ್ದರು ಅಂತ ಕಾಣುತ್ತದೆ, ಅದು ನನ್ನ ಮಹಡಿ ದಾಟಿ ಮೇಲೆ ಹೋಯಿತು. ಬಾಗಿಲು ತೆರೆಯಿತು, ಎದುರಿಗೆ ಯಾರೂ ಇಲ್ಲ. ಶೇಂಗಾ ಹುರಿಯುವ ವಾಸನೆ ಮಾತ್ರ ಒಳಗೆ ಬಂತು. ಕೂಡಲೇ ಬೆಲ್ಲದ ಪಾಕದ ವಾಸನೆ. ಯಾವುದೋ ಮನೆಯಲ್ಲಿ ಉಂಡಿ ಕಟ್ಟುತ್ತಿದ್ದರು. ಹೊರಗೆ ಶ್ರಾವಣ, ಅಂದರೆ ದುಬೈ ಲೆಕ್ಕದಲ್ಲಿ ಆಗಸ್ಟ್, ಬಾಗಿಲು ತೆಗೆದರೆ ಕನ್ನಡಕದ ಗಾಜು ಮಂಜಾಗುವ ಕಾಲ. ಬಾಗಿಲು ಮುಚ್ಚದಂತೆ ಬಟನ್ ಒತ್ತಿ ಹಿಡಿದು ಹಾಗೇ ನಿಂತೆ. ಕೆಳಗೆ ಯಾರೋ ಲಿಫ್ಟಿಗಾಗಿ ಬೈಯುತ್ತಿದ್ದಿರಬೇಕು. ಬೈಯಲಿ.

ನಮ್ಮದು ಹುಬ್ಬಳ್ಳಿ ಕಡೆಯ ಸೆಟ್ಲಮೆಂಟು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರಿಟಿಷರ ಕಾಲದಲ್ಲಿ ಕೆಲವು ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕಾನೂನು ಮಾಡಿದರು. ಕಳವು ಮಾಡಿದವರು ಮಾತ್ರ ಅಲ್ಲ, ತೊಟ್ಟಿಲಲ್ಲಿದ್ದ ಕೂಸೂ ಅದರೊಳಗೇ. ಅಂಥ ಮಂದಿಯನ್ನು ತಂತಿ ಬೇಲಿಯೊಳಗೆ ಕೂಡಿಹಾಕಿ, ದಿನಾ ಹಾಜರಿ ಕರೆದು, ಹೊರಗೆ ಹೋಗಬೇಕೆಂದರೆ ಪಾಸು ಕೊಟ್ಟು ಕಳಿಸುತ್ತಿದ್ದ ಜಾಗಕ್ಕೆ ಸೆಟ್ಲಮೆಂಟ್ ಅಂತ ಹೆಸರು. ಸ್ವಾತಂತ್ರ್ಯ ಬಂತು, ಆಮೇಲೆ ಆ ಕಾನೂನು ಹೋಯಿತು, ಬೇಲಿಯನ್ನೂ ಕಿತ್ತರು. ಹೆಸರು ಮಾತ್ರ ಓಣಿಗೆ ಅಂಟಿಕೊಂಡಿತು. ಶಾಲೆಯಲ್ಲಿ ಯಾರದಾದರೂ ಪೆನ್ನು ಕಳೆದರೆ ಮೊದಲು ತಡಕುತ್ತಿದ್ದದ್ದು ಮಾರುತಿಯ ಪಾಟಿಚೀಲ.

ಅದಕ್ಕೇ ಅವನ ಹಟ. "ಇಲ್ಲಿ ನಾವೆಲ್ಲಾರೂ ಇಂಡಿಯಾದವ್ರು, ಅಷ್ಟ. ಯಾವ ಓಣಿ ಅಂತ ಯಾರೂ ಕೇಳಂಗಿಲ್ಲ. ಅದೊಂದು ಸುಖ ಐತಿ ನನಗ. ಅದನ್ನ ಯಾಕ ಕೆಡಸ್ತಿ?"

ಅವನು ಹೇಳುವುದೂ ಸುಳ್ಳಲ್ಲ. ಆದರೆ ನನಗೆ ಡಿಗ್ರಿ ಬೇಕಿತ್ತು. ನಮ್ಮ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ಮಂದಿಯ ಹಲ್ಲು ನೋವು ಬರೆದುಕೊಳ್ಳುತ್ತಲೇ, ಸಂಜೆ ಕ್ಲಾಸಿನ ಒಂದು ಖಾಸಗಿ ಕಾಲೇಜಿಗೆ ಸೇರಿದ್ದೆ. ಮನೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ, ಕೆಲಸ ಕುಸೈಸ್‌ನಲ್ಲಿ, ಊರಿನ ಈ ತುದಿಯಿಂದ ಆ ತುದಿ. ನನ್ನ ಬಿಎ ಮುಕ್ಕಾಲು ಪಾಲು ಮೆಟ್ರೋದಲ್ಲೇ ಆಗಿದೆ. ಸೀಟು ಸಿಕ್ಕ ದಿನ ಇತಿಹಾಸ, ಸಿಗದ ದಿನ ಇಂಗ್ಲಿಷ್ ಶಬ್ದಾರ್ಥ. ಅಡಿಗೆ ನಮ್ಮ ಮನೆಯವರ, ಅಂದರೆ ಗಂಡನ ಪಾಲು. ಅವರ ಸಾರು ಉಂಡು ಪಾಸಾದವಳು ನಾನು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನನ್ನ ಗೈಡ್ ಲವೀನಾ ಮೇಡಂ. ಮಂಗಳೂರಿನ ಕೊಂಕಣಿಯವರು, ನಾಟಕದ ಹುಚ್ಚಿನವರು, ಮಾತು ಮೆಣಸಿನಕಾಯಿ. ಸರಕಾರಗಳು ಗುಟ್ಟಾಗಿಟ್ಟಿದ್ದ ಹಳೆಯ ಕಡತಗಳು ಕಾಲಾನಂತರ ಬಿಡುಗಡೆಯಾಗಿ ಈಗ ಕಂಪ್ಯೂಟರಿನಲ್ಲೇ ಓದಲು ಸಿಗುತ್ತವೆ, ಅವುಗಳಿಂದ ನಾಟಕ ಕಟ್ಟಬಹುದು, ಅದಕ್ಕೆ ದಾಖಲೆ ನಾಟಕ ಅನ್ನುತ್ತಾರೆ ಅಂತ ಹೇಳಿಕೊಟ್ಟವರು ಅವರೇ.

"ಒಂದೇ ನಿಯಮ ರೇಣುಕಾ," ಅಂದರು. "ನಾಟಕದಲ್ಲಿ ಬರುವ ಪ್ರತಿ ಮಾತೂ ಕಡತದಲ್ಲಿ ಇರಬೇಕು. ಇಲ್ಲದಿದ್ದರೆ ಬದುಕಿರುವ ಒಬ್ಬರ ನೆನಪಿನಲ್ಲಿ ಇರಬೇಕು. ನಿಮ್ಮ ಕಡೆಯಿಂದ ಒಂದು ತೊಟ್ಟು ಕಣ್ಣೀರು ಸೇರಿಸಿದರೂ ನಾನು ಫೇಲ್ ಮಾಡ್ತೇನೆ."

"ಕಣ್ಣೀರ ಯಾಕ್ ಸೇರಸ್ಲಿ ಮೇಡಂ, ನಮ್ಮ ಮಂದಿ ನಗೂದ ಜಾಸ್ತಿ," ಅಂದೆ. ಹಾಗೆ ನಮ್ಮ ಸೆಟ್ಲಮೆಂಟಿನ ಕಥೆ ಅವರಿಗೆ ಹೇಳಿದೆ, ಅದರ ಕಡತಗಳು ಹೊರಬಂದವು.

ತಾಲೀಮಿಗೆ ಜಾಗ ಕೊಟ್ಟವರು ಹಮೀದಣ್ಣ. ಉಳ್ಳಾಲದ ಕಡೆಯ ಬ್ಯಾರಿ. ದುಬೈಯ ಹಳೇ ಪೇಟೆ ನೈಫ್‌ನಲ್ಲಿ ಸೂಟ್‌ಕೇಸಿನ ಅಂಗಡಿ, ಅದರ ಮೇಲೊಂದು ಗೋಡೌನು. ಸೆಟ್ಲಮೆಂಟಿನ ಅಧಿಕಾರಿಯ ಪಾತ್ರ ಅವರದೇ. ಕಾರಣ, ಅವರ ಹೊಟ್ಟೆ ಮತ್ತು ದನಿ ಎರಡೂ ಪಾತ್ರಕ್ಕೆ ತಯಾರಾಗಿದ್ದವು. ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ ನಾನು ಧೈರ್ಯ ಮಾಡಿ, "ನಾ ಸೆಟ್ಲಮೆಂಟ್‌ನಾಕಿ" ಅಂದುಬಿಟ್ಟೆ. ದುಬೈಗೆ ಬಂದ ಮೇಲೆ, ಮೇಡಂ ಒಬ್ಬರನ್ನು ಬಿಟ್ಟರೆ, ಹೊರಗಿನವರ ಮುಂದೆ ಮೊದಲ ಸಲ ಆ ಮಾತು ಬಾಯಿಂದ ಹೊರಬಿದ್ದಿತ್ತು.

ಹಮೀದಣ್ಣ ಮುಖ ಸಣ್ಣದು ಮಾಡಿದರು. "ಅಯ್ಯೋ, ಫೈನಲ್ ಸೆಟ್ಲ್‌ಮೆಂಟಾ? ಕೆಲಸದಿಂದ ತೆಗೆದರಾ ಮಾರಾಯ್ತಿ? ಹೆದರಬೇಡಿ, ನನ್ನ ಪರಿಚಯದ ಒಂದು ಕ್ಲಿನಿಕ್ ಉಂಟು ದೇರಾದಲ್ಲಿ."

ಗಲ್ಫಿನಲ್ಲಿ ಸೆಟ್ಲ್‌ಮೆಂಟ್ ಅಂದರೆ ಕೆಲಸ ಬಿಡುವಾಗ ಕಂಪನಿ ಚುಕ್ತಾ ಮಾಡುವ ಕೊನೆಯ ಲೆಕ್ಕ, ಬೇರೇನೂ ಅಲ್ಲ. ನಾನು ವರ್ಷಗಟ್ಟಲೆ ಬಚ್ಚಿಟ್ಟ ಮಾತು ಇಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಒಂದು ಸೂಟ್‌ಕೇಸಿನ ಮೇಲೆ ಕೂತೆ, ಅದು ಚಕ್ರದ್ದು, ನನ್ನನ್ನು ಹೊತ್ತುಕೊಂಡು ಗೋಡೆಯ ತನಕ ಹೋಯಿತು. ಆಮೇಲೆ ನಿಧಾನ ಬಿಡಿಸಿ ಹೇಳಿದೆ. ಹಮೀದಣ್ಣ ಕೊನೆಯ ತನಕ ಕೇಳಿದರು. ಆಮೇಲೆ, "ಹಾಗಾದರೆ ನಾನು ಒಳ್ಳೆಯವನಲ್ಲ ಈ ನಾಟಕದಲ್ಲಿ. ಆಗಲಿ. ಸರಿಯಾಗಿ ಕೆಟ್ಟವನಾಗ್ತೇನೆ" ಅಂದರು.

ಭಾನುವಾರ ಬೆಳಿಗ್ಗೆ ತಾಲೀಮು. ಹೆಂಗಸರ ಪಾತ್ರಕ್ಕೆ ಕರಾವಳಿಯ ನಾಲ್ವರು ನರ್ಸುಗಳು ಬರುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಸೀದಾ ಬಂದು, ಗಲ್ಫಿನ ಗಟ್ಟಿ ಕರಕ್ ಚಹಾ ಕುಡಿದು, ಹುಬ್ಬಳ್ಳಿ ಕನ್ನಡ ಕಲಿಯುವುದು. ಹಾಜರಿ ಕರೆದಾಗ ನಮ್ಮ ಕಡೆ "ಅದೀನ್ರೀ" ಅನ್ನಬೇಕು, ಇವರು "ಇದ್ದೇನೆ ಸಾರ್" ಅಂತ ಶಾಲೆಯ ಮಕ್ಕಳ ಹಾಗೆ ಹೇಳುತ್ತಿದ್ದರು. ಗೋಡೌನಿನ ಎಸಿ ಕೂಗುವುದು ಹೆಚ್ಚು, ತಂಪು ಕಡಿಮೆ. ಜುಲೈ ತಿಂಗಳ ಗಾಳಿ ಕಿಟಕಿಯ ಸಂದಿಯಿಂದ ಮರಳನ್ನು ತಂದು ಸೂಟ್‌ಕೇಸುಗಳ ಮೇಲೆ ಹಾಸುತ್ತಿತ್ತು. ಯಾರೋ ಒಬ್ಬರು ಅದರ ಮೇಲೆ ಬೆರಳಿನಿಂದ ತಮ್ಮ ಸಂಭಾಷಣೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು.

ಕಡತದ ಒಂದು ಭಾಗದಲ್ಲಿ ನಾವೆಲ್ಲ ಸಿಕ್ಕಿಹಾಕಿಕೊಂಡೆವು. ಅಧಿಕಾರಿ ವರ್ಷದ ವರದಿ ಬರೆಯುತ್ತಾನೆ. ಮಳೆಗಾಲದ ಒಂದು ತಿಂಗಳಲ್ಲಿ ಹೆಂಗಸರು ಪಾಸಿಲ್ಲದೆ ಕಾಣೆಯಾಗುವುದು ಜಾಸ್ತಿ, ಎಷ್ಟು ಕಾವಲು ಹಾಕಿದರೂ ತಪ್ಪುವುದಿಲ್ಲ ಅಂತ ಗೊಣಗುತ್ತಾನೆ. ಮರುವರ್ಷವೂ ಅದೇ. ಈ ಜನರ ಅಲೆಯುವ ರಕ್ತವೇ ಅಂಥದು ಅನ್ನುವ ಹಾಗೆ ಷರಾ ಹಾಕುತ್ತಾನೆ. ಹೆಂಗಸರ ಹೆಸರೂ ಇಲ್ಲ, ಇಂಥವನ ಹೆಂಡತಿ ಅಂತಷ್ಟೇ. ಮುಂದೆ ಇಂಗ್ಲಿಷಿನಲ್ಲಿ ಅಬ್ಸ್‌ಕಾಂಡೆಡ್.

ಆ ಶಬ್ದ ಓದಿದ್ದೇ ಗೋಡೌನಿನಲ್ಲಿ ಎಲ್ಲರೂ ಒಂದು ಸಲ ತಮ್ಮ ತಮ್ಮ ಕಂಪನಿಯನ್ನು ನೆನೆದರು. ಹೇಳದೆ ಕೆಲಸ ಬಿಟ್ಟು ಹೋದವರ ಮೇಲೆ ಕಂಪನಿ ಸರಕಾರಕ್ಕೆ ಕೊಡುವ ದೂರಿನಲ್ಲೂ ಅದೇ ಶಬ್ದ, ಗಲ್ಫಿನಲ್ಲಿ ಇರುವವರಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

"ಇದನ್ನು ಕನ್ನಡದಲ್ಲಿ ಎಂತ ಹೇಳುವುದು?" ಅಂದರು ಹಮೀದಣ್ಣ.

"ತಲೆಮರೆಸಿಕೊಂಡಿದ್ದಾಳೆ," ಅಂದರು ಲವೀನಾ ಮೇಡಂ.

"ಅಷ್ಟು ಉದ್ದ ನಮ್ಮ ಕಡೆ ಪೊಲೀಸರು ಮಾತಾಡಂಗಿಲ್ಲ," ಅಂದೆ. "ಫರಾರಿ."

"ಫೆರಾರಿ?"

"ಫರಾರಿ ಹಮೀದಣ್ಣ, ಫ-ರಾ-ರಿ."

"ಫೆರಾರಿ ಆದರೆ ಹೇಳಲಿಕ್ಕೆ ಸುಲಭ. ಇಲ್ಲಿ ದಿನಾ ಕಣ್ಣೆದುರು ಹೋಗ್ತದೆ." ಅಂದಿನಿಂದ ಅವರ ಬಾಯಲ್ಲಿ ನಮ್ಮ ಸೆಟ್ಲಮೆಂಟಿನ ಬಡ ಹೆಂಗಸರೆಲ್ಲ ಕೆಂಪು ಕಾರಾಗಿ ಓಡಿದರು. ನರ್ಸುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಲವೀನಾ ಮೇಡಂ ಮಾತ್ರ ಕಡತವನ್ನೇ ನೋಡುತ್ತಿದ್ದರು. "ಎಲ್ಲಾ ಬಿಟ್ಟು ಮಳೆಯಲ್ಲೇ ಯಾಕೆ ಓಡ್ತಾರೆ ಇವರು? ಕಾಲಿಟ್ಟರೆ ಕೆಸರು. ಓಡುವವರು ಬೇಸಿಗೆಯಲ್ಲಿ ಓಡಬೇಕಲ್ವಾ?"

ಉತ್ತರ ಸಿಕ್ಕಿದ್ದು ಅದೇ ವಾರ, ಕ್ಲಿನಿಕ್ಕಿನಲ್ಲಿ, ನಾನು ರಜೆ ಕೇಳಿ ಇಲ್ಲ ಅನ್ನಿಸಿಕೊಂಡಾಗ. ಆಗಸ್ಟ್‌ನಲ್ಲಿ ಊರಿಗೆ ಹೋಗಬೇಕು ಅಂತ ಮ್ಯಾನೇಜರ್ ಹತ್ತಿರ ಪ್ರತಿ ವರ್ಷ ಕೇಳುತ್ತೇನೆ, ಪ್ರತಿ ವರ್ಷ ಅವರು, "ನಿನಗೆ ಪ್ರತಿ ಸಲ ಆಗಸ್ಟೇ ಯಾಕೆ ಬೇಕು?" ಅನ್ನುತ್ತಾರೆ. ಪಂಚಮಿಗೆ, ಮತ್ತೇನಕ್ಕೆ! ಮಂಗಳೂರಿನವರಿಗೆ ನಾಗರಪಂಚಮಿ ಅಂದರೆ ನಾಗನ ಕಲ್ಲಿಗೆ ಹಾಲೆರೆಯುವುದು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಮದುವೆಯಾದವಳು ಆ ಹಬ್ಬಕ್ಕೆ ತವರಿಗೆ ಹೋಗಲೇಬೇಕು. ಅಣ್ಣ ಕರೆಯಲು ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಿನ್ನಬೇಕು. ಮರಕ್ಕೆ ಕಟ್ಟಿದ ಜೋಕಾಲಿ ಜೀಕಬೇಕು. ಹೋಗದಿದ್ದವಳ ಆ ವರ್ಷ ವರ್ಷವೇ ಅಲ್ಲ. ಕೌಂಟರಿನಲ್ಲಿ ಕೂತಲ್ಲೇ ನಾನು ಜೋರಾಗಿ "ಯವ್ವಾ!" ಅಂದೆ. ಎದುರಿಗೆ ದವಡೆ ಹಿಡಿದುಕೊಂಡು ಕೂತಿದ್ದ ಪೇಶೆಂಟ್ ಬೆಚ್ಚಿಬಿದ್ದ.

ಅವರು ಓಡಿಹೋಗುತ್ತಿರಲಿಲ್ಲ. ಹಬ್ಬಕ್ಕೆ ಹೋಗುತ್ತಿದ್ದರು.

ಲವೀನಾ ಮೇಡಂಗೆ ಹೇಳಿದರೆ ಅವರ ಕಣ್ಣು ಹೊಳೆದವು, ಆದರೂ ನಿಯಮ ಬಿಡಲಿಲ್ಲ. "ನನಗೆ ನಂಬಿಕೆ ಉಂಟು. ಆದರೆ ಕಡತದಲ್ಲಿ ಪಂಚಮಿ ಇಲ್ಲ, ಜೋಕಾಲಿ ಇಲ್ಲ. ಬದುಕಿದ್ದವರು ಒಬ್ಬರು ಹೇಳಬೇಕು. ಆಗ ರಂಗದ ಮೇಲೆ ಜೋಕಾಲಿ ತರುವಾ."

ಅವ್ವನಿಗೆ ಫೋನ್ ಹಚ್ಚಿದೆ. ಅವಳು ಹುಟ್ಟಿದ್ದು ಬೇಲಿ ಕಿತ್ತ ಮೇಲೆ, ಆದರೆ ಅವಳ ಅತ್ತೆ, ಅಂದರೆ ಅಪ್ಪನ ತಾಯಿ, ನಮ್ಮ ಆಯಿ ದ್ಯಾಮವ್ವ, ಬೇಲಿಯೊಳಗೆ ಬಾಳುವೆ ಮಾಡಿದವಳು.

"ಪಂಚಮಿಗೆ? ಹೋಗೂದೇನ ಕೇಳ್ತಿ," ಅಂದಳು ಅವ್ವ. "ಪಾಸ್ ಕೇಳಿದ್ಲಂತ ನಿಮ್ಮ ಆಯಿ. ಸಾಹೇಬ ಕೊಡಲಿಲ್ಲ. ಸೆರಗಿನ್ಯಾಗ ಉಂಡಿ ಕಟಗೊಂಡ್ಲು, ತಂತಿ ದಾಟಿದ್ಲು, ತವರಿಗೆ ಹೋಗಿ ಜೋಕಾಲಿ ಆಡಿದ್ಲು. ಹಬ್ಬ ಮುಗದ ಮ್ಯಾಲ ತಾನ ತಿರಗಿ ಬಂದು ಹಾಜರ್ಯಾಗ ನಿಂತ್ಲು."

"ಏನ್ ಶಿಕ್ಷೆ ಕೊಟ್ರಂತ ಬೇ?"

"ಅದನ್ನ ಆಕಿ ಯಾವತ್ತೂ ಹೇಳಲಿಲ್ಲ. ಜೋಕಾಲಿ ಎಷ್ಟು ಎತ್ತರಕ್ಕ ಹೋಗಿತ್ತು, ಅದನ್ನಷ್ಟ ಹೇಳತಿದ್ಲು. ಬೇವಿನ ಗಿಡದ ತುದಿ ಕಂಡಿತ್ತಂತ."

ಆ ಮಾತನ್ನು ಹಾಗೇ ಬರೆದುಕೊಂಡು ನಾಟಕಕ್ಕೆ ಹಾಕಿದೆವು. ಕಡತ ಹೆಸರು ಬಿಟ್ಟ ಹೆಂಗಸರಿಗೆ ನಮ್ಮ ಓಣಿಯ ಅಜ್ಜಿಯರ ಹೆಸರು ಇಟ್ಟೆವು. ಜೋಕಾಲಿಯಾಕೆಗೆ ದ್ಯಾಮವ್ವ. ಆ ಪಾತ್ರ ನನ್ನದು.

ಇದು ಅವ್ವನ ಬಾಯಿಂದ ಮಾರುತಿಯ ಕಿವಿಗೆ ಬಿತ್ತು. ಫೋನಿನಲ್ಲಿ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಮೆತ್ತಗೆ ಹೇಳಿದ. "ನನ್ನ ಕೈ ಕೆಳಗ ಕೆಲಸ ಮಾಡೂ ಹುಡುಗರು ಹುಬ್ಬಳ್ಳಿ, ಗದಗ, ಬಾಗಲಕೋಟಿ ಕಡೆಯವ್ರು ಅದಾರ. ಅವ್ರಿಗೆ ಸೆಟ್ಲಮೆಂಟ್ ಅಂದ್ರ ಏನಂತ ಗೊತ್ತೈತಿ. ನಾಳೆ ಸ್ಟೋರಿನ್ಯಾಗ ಒಂದು ಡ್ರಿಲ್ ಮಷಿನ್ ಕಾಣಲಿಲ್ಲಂದ್ರ ಯಾರ ಮಾರಿ ನೋಡ್ತಾರ?"

ಕಡೆಗೆ, "ನಾಟಕ ಬಿಡೂದ ಆಗೂದಿಲ್ಲಣ್ಣಾ. ಅದರಾಗಿನ ಯಾವದರ ಒಂದ್ ಮಾತ್ ನೀ ಹೇಳು, ಅದನ್ನ ಬಿಡ್ತೇನಿ" ಅಂದೆ.

"ಆಯಿ ಹೆಸರ ತಗೀಬ್ಯಾಡ."

ಒಪ್ಪಿದೆ. ದ್ಯಾಮವ್ವ ಗಂಗವ್ವ ಆದಳು. ಹಮೀದಣ್ಣನಿಗೆ ಆ ಬದಲಾವಣೆ ತಲೆಗೆ ಹತ್ತಲಿಲ್ಲ, ಪ್ರತಿ ತಾಲೀಮಿನಲ್ಲೂ ದ್ಯಾಮವ್ವ ಅಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನು ಅವರ ಚಹಾದ ಕಪ್ಪಿನ ಮೇಲೆ ಗಂಗವ್ವ ಅಂತ ಬರೆದಿಟ್ಟೆ.

ಅಕ್ಟೋಬರ್ ಕಳೆದು ಹವೆ ತಣ್ಣಗಾಯಿತು. ದುಬೈಯಲ್ಲಿ ಆ ದಿನ ತಾನೇ ತಾನಾಗಿ ಗೊತ್ತಾಗುತ್ತದೆ. ಮಂದಿ ಒಮ್ಮೆಲೇ ಬಾಲ್ಕನಿಯಲ್ಲಿ ಚಹಾ ಕುಡಿಯಲು ಶುರು ಮಾಡುತ್ತಾರೆ. ನಾಟಕಕ್ಕೆ ಬೇಕಾದ ಪರವಾನಗಿ ಬಂತು, ಕುಸೈಸ್‌ನಲ್ಲಿ ಒಂದು ಶಾಲೆಯ ಹಾಲ್ ಸಿಕ್ಕಿತು, ಹೊರಗಿನ ಪರೀಕ್ಷಕರು ಬರುವ ಶನಿವಾರ ಗೊತ್ತಾಯಿತು. ಆ ಶನಿವಾರ ಆಗದಿದ್ದರೆ ನನ್ನ ಡಿಗ್ರಿ ಮುಂದಿನ ವರ್ಷಕ್ಕೆ. ಮುಂದಿನ ವರ್ಷ ಅನ್ನುವುದನ್ನು ನಾನು ನಂಬುವವಳಲ್ಲ. ನಮ್ಮ ಓಣಿಯಲ್ಲಿ ಮುಂದಿನ ವರ್ಷ ಓದುತ್ತೇನೆ ಅಂದವರೆಲ್ಲ ಮಿಲ್ಲಿಗೆ, ಗಾರೆ ಕೆಲಸಕ್ಕೆ, ಗಂಡನ ಮನೆಗೆ ಹೋದರು.

ಆ ಶನಿವಾರ ಬೆಳಿಗ್ಗೆ ನಾವು ಜೋಕಾಲಿ ಕಟ್ಟುತ್ತಿದ್ದೆವು. ಹಾಲಿನ ಚಾವಣಿಯಲ್ಲಿ ಫ್ಯಾನಿನ ಕೊಕ್ಕೆ ಒಂದಿತ್ತು. ಹಮೀದಣ್ಣ ಅಂಗಡಿಯಿಂದ ಲಗೇಜ್ ಕಟ್ಟುವ ನೈಲಾನ್ ಹಗ್ಗ ತಂದಿದ್ದರು. ಮಣೆಗೆ ಒಂದು ಡ್ರಾಯಿಂಗ್ ಬೋರ್ಡು. ನಾನು ಏಣಿಯ ಮೇಲೆ, ನರ್ಸುಗಳು ಏಣಿ ಹಿಡಿದವರು. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ನೋಡಿದರೆ ಮಾರುತಿ. ಅಬುಧಾಬಿಯಿಂದ ಬಸ್ಸು ಹತ್ತಿ ಬಂದಿದ್ದ. ಮುಖ ಗಂಟು.

ಇವನು ನಿಲ್ಲಿಸಲಿಕ್ಕೇ ಬಂದಿದ್ದಾನೆ ಅಂತ ನನಗೆ ಖಾತ್ರಿಯಾಯಿತು. ಏಣಿಯ ಮೇಲಿಂದಲೇ ವಾದ ಶುರು ಮಾಡೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವನ ಕಣ್ಣು ಕೊಕ್ಕೆಯ ಮೇಲೆ ಬಿತ್ತು. ಆಮೇಲೆ ಹಗ್ಗದ ಮೇಲೆ. ಆಮೇಲೆ ಮಣೆಯ ಮೇಲೆ.

"ಯಾಂವಲೇ ಇದನ್ನ ಕಟ್ಟಿದಾಂವ?"

"ನಾನು," ಅಂದರು ಹಮೀದಣ್ಣ.

"ಇದರ ಮ್ಯಾಲ ಮನಷ್ಯಾರು ಕೂಡ್ತಾರಾ?"

"ನಿಮ್ಮ ತಂಗಿ ಕೂರುವುದು."

"ಇಳೀ ಕೆಳಗ," ಅಂದ ನನಗೆ. "ಮೊದಲ ಇಳಿ. ಫ್ಯಾನಿನ ಹುಕ್ಕಿಗೆ ಜೋಕಾಲಿ! ಖಲಾಸ್, ಸೀದಾ ಆಸ್ಪತ್ರಿಗೆ!"

ನಾಟಕದ ವಿಷಯ ಅವನಿಗೆ ಮರೆತೇಹೋಯಿತೋ ಏನೋ. ಫೋನ್ ತೆಗೆದು, ಕುಸೈಸ್‌ನ ವೇರ್‌ಹೌಸೊಂದರಲ್ಲಿದ್ದ ತನ್ನ ಗೆಳೆಯನಿಗೆ ಹಿಂದಿಯಲ್ಲಿ ದಬಾಯಿಸಿದ. ಮಧ್ಯಾಹ್ನದೊಳಗೆ ಪಿಕಪ್ಪಿನಲ್ಲಿ ಸ್ಕ್ಯಾಫೋಲ್ಡಿಂಗ್ ಪೈಪುಗಳು, ಕ್ಲ್ಯಾಂಪುಗಳು, ಹೆಬ್ಬೆರಳು ದಪ್ಪದ ಸೆಣಬಿನ ಹಗ್ಗ ಬಂದಿಳಿದವು. ಅಂಗಿ ಕಳಚಿ ಕುರ್ಚಿಗೆ ಹಾಕಿ, ಬನಿಯನ್ನಿನಲ್ಲಿ ನಿಂತು, ನೆಲಕ್ಕೆ ಗೀರು ಬೀಳದ ಹಾಗೆ ಹಲಗೆ ಹಾಸಿ ಚೌಕಟ್ಟು ಎತ್ತಿದ. ಹಮೀದಣ್ಣ ಅಧಿಕಾರಿಯ ಖಾಕಿಯಲ್ಲಿ ಅವನಿಗೆ ಸ್ಪ್ಯಾನರ್ ಕೊಡುವ ಕೆಲಸ ಮಾಡಿದರು.

"ಯಲ್ಲಾ ಸಾಹೇಬ್ರ, ಲಗೂನ," ಅಂತ ಮಾರುತಿ ಅರಬ್ಬಿ ಬೆರೆಸಿ ಅವರಿಗೇ ಹುಕುಂ ಮಾಡುತ್ತಿದ್ದ. ಮುಗಿದ ಮೇಲೆ ತಾನೇ ಕೂತು ಜೀಕಿ ನೋಡಿದ. ಚೌಕಟ್ಟು ಕದಲಲಿಲ್ಲ. "ಇದು ಜೋಕಾಲಿ," ಅಂದ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಅಂಗಿ ಹಾಕಿಕೊಂಡ, ಮುಖಕ್ಕೆ ಮತ್ತೆ ಗಂಟು ಬಂತು. "ಹೆಸರಿನ ಮಾತು ನೆನಪೈತೆಲ್ಲ?" ಅಂತ ನನ್ನ ಕಿವಿಯಲ್ಲಿ ಹೇಳಿ ಹಿಂದಿನ ಸಾಲಿಗೆ ಹೋಗಿ ಕೂತ.

ಸಂಜೆ ಹಾಲು ತುಂಬಿತು. ಕರಾವಳಿಯವರು, ಬೆಂಗಳೂರಿನವರು, ನಮ್ಮ ಕಡೆಯ ಒಂದಷ್ಟು ಕುಟುಂಬಗಳು. ಕನ್ನಡ ಬಾರದ ಪರೀಕ್ಷಕರಿಗೆ ಗೋಡೆಯ ಮೇಲೆ ಇಂಗ್ಲಿಷ್ ಸಾಲುಗಳು. ಮೊದಲ ಭಾಗ ಹಾಜರಿಯದು. ಹಮೀದಣ್ಣ ಕುರ್ಚಿ ಹಾಕಿ ಕೂತು, ಕಡತದ ಮಾತುಗಳನ್ನು ಏರಿಳಿತವಿಲ್ಲದೆ ಓದಿದರು. ನಾವು ಬೆರಳಚ್ಚಿಗೆ ಮಸಿ ಹಚ್ಚಿಸಿಕೊಂಡೆವು, ಸಾಲಾಗಿ ನಿಂತೆವು, "ಅದೀನ್ರೀ" ಅಂದೆವು. ನರ್ಸುಗಳ ಉಚ್ಚಾರ ಅವತ್ತು ನನಗಿಂತ ಚೆನ್ನಾಗಿತ್ತು.

ಆಮೇಲೆ ಮಳೆ ತಿಂಗಳು. ಒಬ್ಬೊಬ್ಬಳೇ ಸಾಲು ಬಿಟ್ಟು ಸರಿಯುತ್ತಾಳೆ, ಅಧಿಕಾರಿ ಹಾಜರಿ ಕರೆಯುತ್ತಾನೆ, ಉತ್ತರ ಇಲ್ಲ, ಅವನು ಬರೆಯುತ್ತಾನೆ. "ಬಸವ್ವ. ಫರಾರಿ." ಸರಿಯಾಗಿ ಹೇಳಿದರು. "ಯಲ್ಲವ್ವ. ಫರಾರಿ." ನನ್ನ ಸರದಿ. ನಾನು ಜೋಕಾಲಿಯ ಹಗ್ಗ ಹಿಡಿದು, ಬೆನ್ನು ಹಾಲಿನ ಕಡೆಗೆ ಮಾಡಿ ನಿಂತಿದ್ದೆ. ಹಮೀದಣ್ಣ ಪಾತ್ರದಲ್ಲಿ ಮುಳುಗಿಹೋಗಿದ್ದರು. ಚಹಾದ ಕಪ್ಪು ನೈಫ್‌ನಲ್ಲೇ ಉಳಿದಿತ್ತು.

"ದ್ಯಾಮವ್ವ!" ಅಂದರು.

ತಿರುಗಿ ನೋಡುವ ಧೈರ್ಯ ಆಗಲಿಲ್ಲ.

"ದ್ಯಾಮವ್ವ. ಫರಾರಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿದೆ. ಮಾರುತಿ ಎದ್ದು ನಿಂತಿದ್ದ. ಆಯಿತು, ಬಾಗಿಲಿಗೆ ನಡೆದುಬಿಡುತ್ತಾನೆ ಅಥವಾ ಇಲ್ಲಿಗೇ ಬಂದು ನನ್ನ ಕೈ ಹಿಡಿದು ಇಳಿಸುತ್ತಾನೆ ಅಂದುಕೊಂಡೆ.

"ಫರಾರಿ ಅಲ್ಲ್ರೀ!" ಅಂತ ಕೂಗಿದ. "ತವರಿಗೆ ಹೋಗ್ಯಾಳ್ರೀ ಆಕಿ. ಪಂಚಮಿಗೆ. ನಮ್ಮ ಆಯಿ ಆಕಿ. ತಿರಗಿ ಬಂದಾಳ, ತಾನಾಗೇ ಬಂದಾಳ. ತಿರಗಿ ಬಂದಾಕಿ ಹೆಂಗ್ ಫರಾರಿ ಆಕ್ಕಾಳ್ರೀ?"

ಹಮೀದಣ್ಣನಿಗೆ ಮುಂದೇನು ಅಂತ ಗೊತ್ತಿಲ್ಲ. ಈ ಮಾತು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಪರದೆಯ ಬದಿಯಲ್ಲಿ ಲವೀನಾ ಮೇಡಂ ಎರಡೂ ಕೈ ಬಾಯಿಗೆ ಹಿಡಿದಿದ್ದರು. ಹಮೀದಣ್ಣ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಉಳ್ಳಾಲದ ಕನ್ನಡ ತಾನಾಗಿ ಹೊರಬಂತು.

"ತವರಿಗಾ? ಹಾಗೆ ಹೇಳುವುದಲ್ವಾ ಮಾರಾಯ್ರೆ! ಇಲ್ಲಿ ಇವರು ಎಂತದೋ ಬರೆದಿಟ್ಟಿದ್ದಾರೆ."

ಹಾಲು ನಗುವಿನಲ್ಲಿ ಒಡೆಯಿತು. ಅತ್ತುಕೊಂಡು ನಗುವವರೂ ಇದ್ದರು. ಹಮೀದಣ್ಣ ಪೆನ್ನು ಎತ್ತಿ, ನಿಧಾನವಾಗಿ ಒಂದು ಗೀಟು ಎಳೆದು, ಮುಂದಿನ ಹೆಸರು ಕರೆದರು. "ಮರಿಯವ್ವ."

ನಮ್ಮ ಕಡೆಯ ಒಬ್ಬ ಅಜ್ಜಿ ಮುಂದಿನ ಸಾಲಿನಿಂದ, "ತವರಿಗೆ!" ಅಂದಳು.

"ಸಿದ್ದವ್ವ."

"ತವರಿಗೆ!" ಈಗ ಇಡೀ ಹಾಲು. ಮಂಗಳೂರಿನವರೂ, ಬೆಂಗಳೂರಿನವರೂ, ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳೂ. ನಾನು ಜೋಕಾಲಿ ಹತ್ತಿ ಜೀಕಿದೆ. ಬೇವಿನ ಗಿಡದ ತುದಿ ಕಂಡಿದ್ದನ್ನು ಹೇಳಬೇಕಿತ್ತು, ಹೇಳಿದೆ. ಅಣ್ಣ ಕಟ್ಟಿದ ಚೌಕಟ್ಟು ಕಿರ್ ಅನ್ನಲಿಲ್ಲ.

ಮುಗಿದ ಮೇಲೆ ಪರೀಕ್ಷಕರು ನೇರ ಮಾರುತಿಯ ಹತ್ತಿರ ಹೋದರು. ಹಿಂದಿನ ಸಾಲಿನಲ್ಲಿ ಎದ್ದು ನಿಂತ ನೀವೂ ನಟರೋ ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ನೋ ಸರ್," ಅಂದ ಅಣ್ಣ. "ಐ ಸ್ವಿಂಗ್ ಫಿಟ್ಟಿಂಗ್."

ಹಮೀದಣ್ಣ ಕ್ಷಮೆ ಕೇಳಲು ಬಂದರು, ಹೆಸರು ತಪ್ಪಿ ಬಂದದ್ದಕ್ಕೆ. ಮಾರುತಿ ಅವರ ಖಾಕಿ ಹೆಗಲ ಮೇಲೆ ಕೈ ಹಾಕಿದ. "ಇರ್ಲಿ ಬಿಡ್ರಿ. ಬಾಳ ದಿನಾ ಆಗಿತ್ತು, ಆ ಹೆಸರ ಯಾರೂ ಜೋರಾಗಿ ಕರದಿದ್ದಿಲ್ಲ."

ಅವನ ಕೆಲಸದ ಹುಡುಗರಿಗೆ ಸುದ್ದಿ ಹೋಯಿತು, ಹೋಗದೆ ಇರುತ್ತದೆಯೇ. ಅವರು ಕೇಳಿದ್ದು ಒಂದೇ ಅಂತೆ: ಮುಂದಿನ ಪಂಚಮಿಗೆ ಲೇಬರ್ ಕ್ಯಾಂಪಿನಲ್ಲೂ ಜೋಕಾಲಿ ಕಟ್ಟುತ್ತೀರಾ ಫೋರ್‌ಮನ್ ಸಾಹೇಬರೇ? ನನಗೆ ಅದನ್ನು ಹೇಳುವಾಗ ಫೋನಿನಲ್ಲೇ ಅವನ ಮೀಸೆ ನಗುವುದು ಕಾಣುತ್ತಿತ್ತು.

ಘಟಿಕೋತ್ಸವ ಬಂದದ್ದು ಬಿಸಿಲು ಇನ್ನೂ ಏರದ ವಸಂತದಲ್ಲಿ. ಮಾರುತಿ ಅವ್ವನನ್ನು ವಿಸಿಟ್ ವೀಸಾದಲ್ಲಿ ಕರೆಸಿದ್ದ. ಅವಳು ಇಳಕಲ್ ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು, ಆ ತಣ್ಣನೆಯ ದೊಡ್ಡ ಹಾಲಿನಲ್ಲಿ, "ಇಷ್ಟ ಥಂಡಿ ಯಾಕ ಮಾಡ್ಯಾರ, ಯಾರ ಕೆಡ್ತಾರ ಇಲ್ಲೆ?" ಅಂತ ಪಕ್ಕದ ಮಲಯಾಳಿ ಅಮ್ಮನಿಗೆ ಕೇಳುತ್ತಿದ್ದಳು. ಆ ಅಮ್ಮ ಅರ್ಥವಾಗದೆ ತಲೆಯಾಡಿಸಿ, ಬ್ಯಾಗಿನಿಂದ ಬಾಳೆಕಾಯಿ ಚಿಪ್ಸ್ ಕೊಟ್ಟಳು. ವೇದಿಕೆಯ ಮೇಲೆ ನನ್ನ ಹೆಸರು ಕರೆದರು. ಕರೆದವರ ಬಾಯಲ್ಲಿ ರೇಣುಕಾ ಏನೇನೋ ಆಯಿತು, ಪರವಾಗಿಲ್ಲ. ಕಪ್ಪು ಗೌನು ಎಡವದಂತೆ ಎತ್ತಿ ಹಿಡಿದು ಹೋದೆ, ಕೈ ಕುಲುಕಿದರು, ಸರ್ಟಿಫಿಕೇಟು ಕೊಟ್ಟರು. ಹಿಂದೆ ಎಲ್ಲೋ ಒಂದು ಸೀಟಿ ಕೇಳಿಸಿತು. ಅಂಥ ಸಭೆಯಲ್ಲಿ ಸೀಟಿ ಹೊಡೆಯುವವನು ಜಗತ್ತಿನಲ್ಲಿ ಒಬ್ಬನೇ ಇದ್ದಾನೆ, ಅವನು ಮುಸಫ್ಫಾದಲ್ಲಿ ಫೋರ್‌ಮನ್.

ಕೆಳಗಿಳಿದು ಬಂದು ಅದನ್ನು ಅವ್ವನ ಮಡಿಲಲ್ಲಿ ಇಟ್ಟೆ. ಅವ್ವನಿಗೆ ಓದು ಬಾರದು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಉಬ್ಬಿದ ಮುದ್ರೆಯ ಮೇಲೆ ಬೆರಳು ಆಡಿಸಿದಳು.

"ಹೊರಗ ಹೋಗೂ ಮುಂದ, ಪಾಸ್ ಕೇಳಿದಂಗ, ಇದನ್ನ ಯಾರರ ಕೇಳ್ತಾರೇನ?"

"ಇಲ್ಲ ಬೇ," ಅಂದ ಮಾರುತಿ. "ಇದನ್ನ ಯಾರೂ ಕೇಳಂಗಿಲ್ಲ."

ಅವ್ವ ಸರ್ಟಿಫಿಕೇಟನ್ನು ಎರಡೂ ಕೈಯಿಂದ ಎತ್ತಿ ನನಗೆ ವಾಪಸು ಕೊಟ್ಟಳು.

"ಹಂಗಾರ ಇದ ಛಲೋ ಐತಿ. ಕೇಳಿದಾಗ ತೋರಸೂ ಕಾಗದ ನಮ್ಮ ಮಂದಿ ರಗಡ ಹಿಡಕೊಂಡ ತಿರಗ್ಯಾರ. ಇದನ್ನ ನೀ ಯಾರೂ ಕೇಳದಿದ್ರೂ ತೋರಸವಾ."